ನೀಲಿ ಹೊದಿಕೆಯ ರೆಕಾರ್ಡು

ಆ ವರ್ಷ ಆಲೂಗೆಡ್ಡೆ ಅಗೆದು ನೆಲಮಾಳಿಗೆಗೆ ಸುರಿಯುವ ಹೊತ್ತಿಗೆ ನಮ್ಮ ಮನೆಯಲ್ಲಿ ಎರಡು ಒಲೆಗಳಾಗಿದ್ದವು. ದೊಡ್ಡ ಒಲೆಯ ಮೇಲೆ ನಾನು ಐದು ಜನಕ್ಕೆ ಬೇಯಿಸುತ್ತಿದ್ದೆ, ಉಣ್ಣಲು ಕೂರುತ್ತಿದ್ದವರು ನಾಲ್ವರು. ಐದನೆಯವರು ನನ್ನ ಅತ್ತೆ ಬುಬುಕನ್. ಅವರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಕರೆಂಟ್ ಒಲೆಯ ಮೇಲೆ ಚಹಾ ಕಾಯಿಸಿ, ಒಣರೊಟ್ಟಿ ಅದ್ದಿ ತಿಂದು ಮಲಗುತ್ತಿದ್ದರು. ಕಾರಣ ಒಂದು ರೆಕಾರ್ಡು.

ಆ ರೆಕಾರ್ಡಿನಲ್ಲಿ ನುಡಿಸಿದವರು ನನ್ನ ಮಾವ ಒರೊಜಾಲಿ. ನಾನು ಸೊಸೆಯಾಗಿ ಬರುವ ಮೊದಲೇ ಅವರು ತೀರಿಕೊಂಡಿದ್ದರು. ಅದರಲ್ಲಿ ಮೂರು ತಂತಿಯ ಕೊಮುಜ್ ಒಂದೇ. ಹಾಡಿಲ್ಲ, ಬೇರೆ ವಾದ್ಯವಿಲ್ಲ. ಎರಡು ಮಗ್ಗುಲೂ ಸೇರಿ ಹನ್ನೊಂದು ಮಟ್ಟುಗಳು. ಹೊದಿಕೆ ನೀಲಿ ಬಣ್ಣದ್ದಾದ್ದರಿಂದ ನಮ್ಮ ಕೊಚ್ಕೋರಿನಿಂದ ನರಿನ್ ಪಟ್ಟಣದವರೆಗೆ ಎಲ್ಲರೂ ಅದನ್ನು ‘ನೀಲಿ’ ಎಂದೇ ಕರೆಯುತ್ತಿದ್ದರು. ಮದುವೆಯ ಮಾರನೆಯ ದಿನ ನೆಂಟರು ಚದುರುವ ಮುಂಚೆ ಯಾರಾದರೂ ಅದರ ಕೊನೆಯ ಮಟ್ಟನ್ನು ಹಾಕಿಸುತ್ತಿದ್ದರು. ‘ಮರಿಕುದುರೆ ಹೊಳೆ ದಾಟಿದ್ದು’ ಅಂತ ಅದರ ಹೆಸರು. ಮರಿ ನೀರಿಗಿಳಿಯುತ್ತದೆ, ಸೆಳವಿಗೆ ಸಿಕ್ಕುತ್ತದೆ, ಒದ್ದಾಡುತ್ತದೆ, ಇನ್ನೇನು ದಡ ಬಂತು ಎನ್ನುವಾಗ ನುಡಿಕೆ ತಟ್ಟನೆ ನಿಂತುಬಿಡುತ್ತದೆ. ಅಲ್ಲಿ ಗಂಡಸರೂ ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಿದ್ದೇನೆ.

ಅದಕ್ಕೊಂದು ಕಾರಣವಿತ್ತು. ಎಪ್ಪತ್ತೆರಡರ ಜನವರಿಯಲ್ಲಿ ಮಾವ ರಾಜಧಾನಿಯಲ್ಲಿ ಈ ರೆಕಾರ್ಡು ಮಾಡಿಸುತ್ತಿದ್ದಾಗ, ಇಲ್ಲಿ ಅವರ ಐದು ವರ್ಷದ ಮಗ ಎಸೆನ್‌ಗೆ ದಡಾರ ಎದ್ದು, ಅದು ಎದೆಗಿಳಿದು, ಅಪ್ಪ ಬರುವುದರೊಳಗೆ ಮಗು ಹೋಗಿತ್ತು. ಅತ್ತೆಗೆ ಹತ್ತು ವರ್ಷ ಕಾದು ಹುಟ್ಟಿದವನು ಅವನೊಬ್ಬನೇ. ‘ಅಷ್ಟು ದೂರದಿಂದಲೇ ಅಪ್ಪನ ಕರುಳಿಗೆ ತಿಳಿದಿತ್ತು, ಅದಕ್ಕೇ ಕೈ ನಿಂತಿತು’ ಎಂದು ಜನ ಹೇಳುತ್ತಿದ್ದರು. ಅತ್ತೆ ತಾವಾಗಿ ಎಂದೂ ಹೇಳಿದವರಲ್ಲ. ಬೇರೆಯವರು ಹೇಳುವಾಗ ಮಾತ್ರ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಕೇಳುತ್ತಿದ್ದರು.

ಮಾವನ ತಮ್ಮ ಸೈದಾಕ್ಮತ್. ಊರಿನ ಸಂಗೀತ ಶಾಲೆಯಲ್ಲಿ ಮೂವತ್ತಾರು ವರ್ಷ ಕೊಮುಜ್ ಕಲಿಸಿ ನಿವೃತ್ತರಾದವರು. ಅವರಿಗೆ ಮೊದಲ ಗಂಡುಮಗು ಹುಟ್ಟಿದಾಗ ನಲವತ್ತನೆಯ ದಿನಕ್ಕೆ ಅದನ್ನು ಎತ್ತಿ ತಂದು ಮಕ್ಕಳಿಲ್ಲದ ಅತ್ತಿಗೆಯ ಮಡಿಲಿಗೆ ಹಾಕಿದ್ದರು. ನಮ್ಮಲ್ಲಿ ಹಾಗೆ ಕೊಡುವುದುಂಟು, ಯಾರೂ ಬೆರಗಾಗಲಿಲ್ಲ. ಆ ಮಗುವೇ ನನ್ನ ಗಂಡ ತಿಲೆಕ್. ಹೀಗಾಗಿ ತಿಲೆಕ್ ತನ್ನ ಹೆತ್ತವರನ್ನು ಚಿಕ್ಕಪ್ಪ, ಚಿಕ್ಕಮ್ಮ ಅನ್ನುತ್ತಿದ್ದ. ನನಗೆ ಅವರು ಚಿಕ್ಕಮಾವ, ಚಿಕ್ಕತ್ತೆ ಕನಿಶಾ. ಮಾವ ಹೋದ ಮೇಲೆ ಎರಡು ಮನೆ ಒಂದಾಗಿ, ಹದಿನಾರು ವರ್ಷ ಒಂದೇ ಒಲೆಯಲ್ಲಿ ಉಂಡಿದ್ದೆವು.

ಸೆಪ್ಟೆಂಬರಿನಲ್ಲಿ ಪ್ರಾಂತ್ಯದ ರೇಡಿಯೋದವರು ಒಂದು ಕಾರ್ಯಕ್ರಮ ಶುರುಮಾಡಿದರು. ಈವರೆಗೆ ಬಂದ ಕೊಮುಜ್ ರೆಕಾರ್ಡುಗಳಲ್ಲೆಲ್ಲ ಅತಿ ದೊಡ್ಡದು ಯಾವುದು ಎಂದು ಭಾನುವಾರ ಭಾನುವಾರ ಮಧ್ಯಾಹ್ನ ಚರ್ಚೆ. ಡಿಸೆಂಬರಿನ ಮೊದಲ ಭಾನುವಾರ ಐದು ಮಂದಿ ಹಿರಿಯರು ಕೂತು ತೀರ್ಮಾನ. ಆ ಐವರಲ್ಲಿ ಚಿಕ್ಕಮಾವನೂ ಒಬ್ಬರು. ಕಾಗದ ಬಂದ ದಿನ ಎಲ್ಲರೂ ಊಟಕ್ಕೆ ಕೂತಿದ್ದೆವು.

ತಿಲೆಕ್ ರೊಟ್ಟಿ ಮುರಿಯುತ್ತ, “ನಿಮ್ಮ ಕೆಲಸ ಸಲೀಸು ಬಿಡಿ ಚಿಕ್ಕಪ್ಪ. ಹೋಗೋದು, ನೀಲಿ ಅನ್ನೋದು, ಬರೋದು” ಎಂದ.

ಚಿಕ್ಕಮಾವ ಚಹಾ ಊದಿಕೊಂಡು ಒಂದು ಗುಟುಕು ಕುಡಿದರು. “ನಾನು ನೀಲಿ ಅನ್ನಲ್ಲ.”

“ಅಂದ್ರೆ?”

“ಒಳ್ಳೇದೇ. ಎಲ್ಲಕ್ಕಿಂತ ದೊಡ್ಡದಲ್ಲ. ನಾಲ್ಕನೇ ಮಟ್ಟಲ್ಲಿ ಅವಸರ ಇದೆ. ಏಳನೇದರಲ್ಲಿ ನಡುತಂತಿ ಇಳಿದಿದೆ, ಶಾಲೆ ಮಕ್ಕಳಿಗೂ ಗೊತ್ತಾಗುತ್ತೆ. ಹಳಬರದ್ದು ಇದಕ್ಕಿಂತ ಚೆನ್ನಾಗಿರೋದು ಎರಡಾದ್ರೂ ಇದೆ.”

ಅತ್ತೆ ಕೆನೆ ಬಡಿಸುತ್ತಿದ್ದರು. ಬಟ್ಟಲು ಕೆಳಗಿಟ್ಟರು. “ಏನಂದೆ ಹುಡುಗಾ?” ಅರವತ್ತು ವರ್ಷದ ಮೈದುನನನ್ನು ಅವರು ಕರೆಯುತ್ತಿದ್ದುದೇ ಹಾಗೆ.

“ಅತ್ತಿಗೆ, ಕಿವಿಗೆ ಕೇಳ್ಸಿದ್ದು ಹೇಳ್ದೆ. ಅಣ್ಣ ಅಂತ ಸುಳ್ಳು ಹೇಳಕ್ಕಾಗುತ್ತಾ?”

“ಹಾಗಾದ್ರೆ ಎಷ್ಟನೇದು? ಎರಡನೇದಾ, ಮೂರನೇದಾ?”

“ಅದನ್ನ ನಾನು ಯೋಚನೆ ಮಾಡಿಲ್ಲ.”

“ಮಾಡು. ಮೂರನೇದಕ್ಕೋಸ್ಕರ ಅವರು ನನ್ನ ಮಗೂನ ಬಿಟ್ಟು ಹೋಗಿದ್ದು ಅಂತಾದ್ರೆ ನನಗೂ ತಿಳೀಲಿ.”

ಅವರು ಎದ್ದು ಕೋಣೆಗೆ ಹೋದರು. ಮಾರನೆಯ ದಿನ ಪಕ್ಕದ ಮನೆಯಿಂದ ಕರೆಂಟ್ ಒಲೆ ಕೇಳಿ ತಂದರು.

ಮೊದಲ ವಾರ ಇದು ಹಿರಿಯರ ಮುನಿಸು, ಕರಗುತ್ತದೆ ಅಂದುಕೊಂಡೆವು. ನಾನು ಸಾರಿನ ಬಟ್ಟಲು ಒಳಗಿಟ್ಟು ಬರುವುದು, ಸಂಜೆ ಅದು ಮೇಲೆ ಕೊಬ್ಬು ಕಟ್ಟಿಕೊಂಡು ಹಾಗೇ ಇರುವುದು, ಅದನ್ನು ನಾಯಿಗೆ ಸುರಿಯುವುದು. ಎರಡನೆಯ ವಾರಕ್ಕೆ ಅವರ ಬೆರಳಿನ ಉಂಗುರ ಸಡಿಲಾಗಿ ಹಿಟ್ಟು ಕಲಸುವ ಪಾತ್ರೆಯಲ್ಲಿ ಸಿಕ್ಕಿತು. ಆಮೇಲೆ ಅವರು ಹಿಟ್ಟು ಕಲಸುವುದನ್ನೂ ಬಿಟ್ಟರು.

ತಿಲೆಕ್ ಕೊಚ್ಕೋರ್–ನರಿನ್ ದಾರಿಯಲ್ಲಿ ವ್ಯಾನು ಓಡಿಸುತ್ತಿದ್ದ. ವ್ಯಾನಿನಲ್ಲಿ ಜನ ಮಾತಾಡದೆ ಇರುತ್ತಾರೆಯೇ. ಒಂದು ದಿನ ಟೋಪಿಯನ್ನು ಮೊಳೆಗೆ ಎಸೆದು ಬಂದು ಕೂತ.

“ದೊಲೊನ್ ಘಾಟಿ ಹತ್ತೋವರೆಗೂ ಒಬ್ಬ ಮುದುಕ ಇದೇ ಕೇಳ್ತಾ ಇದ್ದ. ನಿಮ್ಮನೇಲೇ ನೀಲಿಗೆ ಓಟಿಲ್ವಂತೆ, ಹೌದಾ? ನಾನು ಏನು ಹೇಳಲಿ?”

“ಗಾಡಿ ನೋಡಿ ಓಡಿಸ್ತೀನಿ ಅನ್ನು” ಎಂದರು ಚಿಕ್ಕಮಾವ.

“ನಗೋ ವಿಷಯ ಅಲ್ಲ ಇದು. ನಿಮಗೆ ಅಪ್ಪನ ಮೇಲೆ ಮೊದಲಿಂದ್ಲೂ ಹೊಟ್ಟೆಕಿಚ್ಚು. ಸತ್ತು ಹದಿನಾರು ವರ್ಷ ಆದ್ರೂ ಹೋಗಿಲ್ಲ.”

ಚಿಕ್ಕತ್ತೆ ಕೈಯಲ್ಲಿದ್ದ ಚಮಚ ಹಾಗೇ ಹಿಡಿದು ನಿಂತರು. ಚಿಕ್ಕಮಾವ ಕೋಟು ಹಾಕಿಕೊಂಡು ಹೊರಗೆ ಹೋಗಿ ಸಂಜೆಯವರೆಗೂ ಬೆರಣಿ ಒಟ್ಟಿದರು. ಒಟ್ಟಿದ್ದ ರಾಶಿಯನ್ನೇ ಕೆಡವಿ ಮತ್ತೆ ಒಟ್ಟುತ್ತಿದ್ದುದು ಕಿಟಕಿಯಿಂದ ಕಾಣುತ್ತಿತ್ತು.

ನವೆಂಬರ್ ನಡುವಿಗೆ ಚಳಿಗಾಲದ ಮಾಂಸಕ್ಕೆಂದು ಒಂದು ಹಸು ಕಡಿದೆವು. ಅಂದು ಮನೆಯವರೆಲ್ಲ ಸೇರಿ ಕರುಳು ತೊಳೆದು, ಈಲಿ ಹುರಿದು ತಿನ್ನುವ ದಿನ. ಅತ್ತೆ ಹೊರಗೆ ಬರಲಿಲ್ಲ. ಚಿಕ್ಕತ್ತೆ ಮೊಣಕೈವರೆಗೂ ರಕ್ತವಾಗಿದ್ದ ಕೈಯಲ್ಲೇ ಗಂಡನ ಎದುರಿಗೆ ಬಂದು ನಿಂತರು.

“ನಾನು ಮೂವತ್ತೈದು ವರ್ಷದಿಂದ ಒಂದು ಮಾತೂ ಆಡಿಲ್ಲ. ಇವತ್ತು ಆಡ್ತೀನಿ. ನನ್ನ ಮೊದಲ್ನೇ ಮಗೂನ, ಇನ್ನೂ ಎದೆಹಾಲು ಕುಡೀತಿದ್ದೋನನ್ನ, ನನ್ನನ್ನ ಕೇಳ್ದೇನೇ ಎತ್ತಿ ಕೊಟ್ರಿ. ಎದೆ ಕಟ್ಟಿಕೊಂಡು ಜ್ವರ ಬಂದು ಮಲಗಿದ್ದೆ, ಆಗ್ಲೂ ಸುಮ್ಮನಿದ್ದೆ. ಅವಳಿಗೆ ಮಗೂನೇ ಕೊಟ್ಟೋರಿಗೆ ಒಂದು ಮಾತು ಕೊಡಕ್ಕಾಗಲ್ವಾ?”

“ಕನಿಶಾ, ಕೈ ತೊಳ್ಕೋ.”

“ಅವಳು ಸಾಯ್ತಾಳೆ. ಸತ್ರೆ ಈ ಮನೇಲಿ ನಾನು ನಿಮಗೆ ಅನ್ನ ಹಾಕಲ್ಲ.”

ಮರುದಿನ ಆಸ್ಪತ್ರೆಯ ನರ್ಸ್ ಬಂದು ಅತ್ತೆಯ ರಕ್ತ ನೋಡಿದಳು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಈಗ ಗುಂಡಿಗೆಯ ಬಡಿತವೂ ಸರಿಯಿಲ್ಲ ಎಂದಳು. “ಊಟ ಮಾಡಿಸಿ. ಮಾತ್ರೆ ಆಮೇಲಿನ ಮಾತು” ಎಂದು ನನ್ನ ಮುಖ ನೋಡಿದಳು, ತಪ್ಪು ನನ್ನದೇ ಎಂಬಂತೆ.

ನನಗೆ ತೋಚಿದ್ದು ಒಂದೇ. ಆ ಭಾನುವಾರ ಮಧ್ಯಾಹ್ನ ಅಟ್ಟದಿಂದ ಹಳೆಯ ಪ್ಲೇಯರ್ ಇಳಿಸಿ ಒರೆಸಿದೆ. ಅತ್ತೆಯ ಮುಂದೆ ಮಂಡಿಯೂರಿ, “ಒಂದೇ ಒಂದು ಸಲ ಎಲ್ಲರ ಜೊತೆ ಕೂತ್ಕೊಳಿ. ಮಾತು ಬೇಡ, ನೀಲಿ ಕೇಳೋಣ” ಎಂದೆ. ಅವರು ನನ್ನ ಹೆಗಲು ಹಿಡಿದು ಎದ್ದರು. ಗೋಡೆಯ ಪಕ್ಕ ದಿಂಬು ಕೊಟ್ಟು ಕೂರಿಸಿದೆ. ಆ ರೆಕಾರ್ಡು ತಿರುಗಿದಷ್ಟು ಹೊತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅತ್ತೆ ಅರ್ಧ ಬಟ್ಟಲು ಸಾರು ಕುಡಿದರು. ಇನ್ನೇನು ಸರಿಹೋಯಿತು ಅಂದುಕೊಳ್ಳುವಾಗ ಕೊನೆಯ ಮಟ್ಟು ಶುರುವಾಯಿತು. ಚಿಕ್ಕಮಾವ ಎದ್ದು ಹೊರಟುಹೋದರು. ಅತ್ತೆ ಬಟ್ಟಲು ಕೆಳಗಿಟ್ಟರು.

ನನಗೆ ತಡೆಯದಷ್ಟು ಸಿಟ್ಟು ಬಂತು. ಹಿಂದೆಯೇ ಹೋದೆ. ಅವರು ಕೊಟ್ಟಿಗೆಯಲ್ಲಿ ಹುಲ್ಲಿನ ಕಂತೆಯ ಮೇಲೆ ಕೂತಿದ್ದರು.

“ಒಂದು ಮಟ್ಟು ಕೇಳೋವಷ್ಟು ಹೊತ್ತು ಕೂರಕ್ಕಾಗಲಿಲ್ವಾ ಮಾವ? ನಿಮ್ಮ ಮನಸ್ಸೇನು ಕಲ್ಲಾ?”

“ಬಾಗಿಲು ಮುಂದೆ ಮಾಡಮ್ಮ ಸಲ್ತನತ್, ಹಸೂಗೆ ಚಳಿ” ಎಂದರು. ನಾನು ಬಾಗಿಲು ಹಾಕಿದೆ. ಅವರು ಹುಲ್ಲಿನ ಕಡ್ಡಿ ಮುರಿಯುತ್ತ ನೆಲ ನೋಡಿಕೊಂಡು ಹೇಳಿದರು.

“ಅವತ್ತು ಅಣ್ಣನ್ನ ಕರ್ಕೊಂಡು ಬರಕ್ಕೆ ಲಾರಿ ಹತ್ತಿ ಹೋದೋನು ನಾನೇ. ಇಪ್ಪತ್ತೆರಡು ವರ್ಷ ನನಗೆ. ರಾಜಧಾನೀಲಿ ಅಣ್ಣನ ಓಡಾಟಕ್ಕೆ ರೆಕಾರ್ಡಿನೋರು ಒಂದು ಕಾರು ಕೊಟ್ಟಿದ್ರು, ಅದರಲ್ಲಿ ದೊಡ್ಡ ಡಾಕ್ಟರನ್ನ ಕೂರಿಸ್ಕೊಂಡು ಬಾ ಅಂತ ಅತ್ತಿಗೆ ಹೇಳಿ ಕಳ್ಸಿದ್ರು. ನಾನು ಸಂಜೆ ಐದಕ್ಕೆ ತಲುಪ್ದೆ, ಆಮೇಲೆ ಬೋಮ್ ಕಣಿವೇಲಿ ಹಿಮ ಬಿದ್ದು ರಸ್ತೆ ಮುಚ್ತು ಅಂತ ಎಲ್ಲರಿಗೂ ಗೊತ್ತಲ್ಲ?”

“ಗೊತ್ತು.”

“ನಾನು ತಲುಪಿದ್ದು ಹನ್ನೆರಡಕ್ಕೆ.”

ಹಸು ಮೂತಿ ಚಾಚಿ ಅವರ ತೋಳು ಮೂಸಿತು.

“ರೆಕಾರ್ಡಿಂಗ್ ಕೋಣೆ ಬಾಗಿಲ ಮೇಲೆ ಕೆಂಪು ದೀಪ ಉರೀತಿತ್ತು. ಹೊರಗೆ ಒಂದು ಬೆಂಚು. ಒಳಗೆ ಅಣ್ಣ ನುಡಿಸ್ತಿದ್ದ. ಈ ಮಟ್ಟು ಮುಗೀಲಿ, ಆಮೇಲೆ ಹೋಗೋಣ ಅಂತ ಕೂತೆ. ಯಾರೂ ನನ್ನ ತಡೀಲಿಲ್ಲ ಸಲ್ತನತ್. ತಡೆದಿದ್ರೆ ಎಷ್ಟೋ ವಾಸಿ ಇತ್ತು. ಮಟ್ಟು ಮುಗೀತು, ಇನ್ನೊಂದು ಶುರುವಾಯ್ತು. ನಾನು ಅಂಥಾದ್ದು ಕೇಳೇ ಇರಲಿಲ್ಲ. ಅಣ್ಣನೂ ಅಂಥಾದ್ದು ಎಂದೂ ನುಡಿಸಿರಲಿಲ್ಲ. ಮಗೂಗೆ ಉಸಿರು ಸಿಗ್ತಿಲ್ಲ ಅನ್ನೋದು ನನ್ನ ತಲೇಲಿದೆ, ಕಾಲು ಏಳ್ತಿಲ್ಲ. ಮರಿಕುದುರೆ ಆರು ಸಲ ನುಡಿಸ್ದ. ಆರನೇ ಸಲಕ್ಕೆ ಹೆದರಿಕೆ ತಡೀಲಾರದೆ ನುಗ್ಗಿ ಬಾಗಿಲು ತೆಗೆದೆ. ನನ್ನ ಮುಖ ನೋಡಿ ಅವನ ಕೈ ನಿಂತೋಯ್ತು. ಅಲ್ಲಿ ನಿಲ್ಲುತ್ತಲ್ಲ, ಜನ ಅಳ್ತಾರಲ್ಲ, ಅದು ನಾನು ಬಾಗಿಲು ತೆಗೆದದ್ದು. ರೆಕಾರ್ಡಿನೋರು ಅದನ್ನೇ ಇಟ್ಕೊಂಡ್ರು. ಎಷ್ಟೊತ್ತಿಗೆ ಬಂದೆ ಅಂತ ಅಣ್ಣ ಕೇಳ್ದ. ಈಗ ಬಂದೆ ಅಂದೆ. ಅದನ್ನೇ ನಂಬಿ ಸತ್ತ.”

“ಹಾಗಾದ್ರೆ ಅದು ದೊಡ್ಡದಲ್ಲ ಅಂತ ಯಾಕೆ ಹೇಳ್ತೀರಿ?” ಎಂದು ಕೇಳಿದೆ.

“ಎಲ್ಲಕ್ಕಿಂತ ದೊಡ್ಡದು ಅಂದ್ಬಿಟ್ರೆ, ಅದಕ್ಕೇ ಕೂತೆ, ಯಾರಾಗಿದ್ರೂ ಕೂರ್ತಿದ್ರು ಅಂತ ಆಗೋಗುತ್ತೆ. ನನಗೆ ಆ ನೆಪ ಬೇಡ.”

“ಅತ್ತೆಗೆ ಹೇಳಿ.”

“ಹೇಳಿದ್ರೆ ಅವರ ಉಸಿರು ನಿಂತೋಗುತ್ತೆ.”

“ಹೇಳದೆ ಇರೋದಕ್ಕೂ ನಿಂತೋಗ್ತಾ ಇದೆ” ಎಂದೆ.

ಆ ಮಾತನ್ನು ಹೊತ್ತುಕೊಂಡು ಎರಡು ವಾರ ನಾನು ಆ ಮನೆಯಲ್ಲಿ ರೊಟ್ಟಿ ಸುಟ್ಟೆ, ಹಾಲು ಕರೆದೆ, ಬಟ್ಟೆ ಒಗೆದೆ. ತಿಲೆಕ್ ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದ. ಚಿಕ್ಕತ್ತೆ ಗಂಡನ ತಟ್ಟೆಯನ್ನು ದೂರದಿಂದ ತಳ್ಳುತ್ತಿದ್ದರು. ಅತ್ತೆ ಹಾಸಿಗೆ ಹಿಡಿದರು. ಅವರನ್ನು ಎತ್ತಿ ಕೂರಿಸುವಾಗ ನನ್ನ ಕೈಗೆ ಬರೀ ಎಲುಬು ಸಿಕ್ಕುತ್ತಿತ್ತು.

ಡಿಸೆಂಬರಿನ ಮೊದಲ ಶನಿವಾರ ಬೆಳಿಗ್ಗೆ ನಾನು ಅವರಿಗೆ ಗಂಜಿ ಕುಡಿಸುತ್ತಿದ್ದೆ. ಚಿಕ್ಕಮಾವ ಒಳಗೆ ಬಂದರು. ಸ್ನಾನ ಮಾಡಿ ಒಗೆದ ಅಂಗಿ ಹಾಕಿದ್ದರು. ನಾನು ಏಳಹೋದೆ, “ನೀನು ಇರು” ಎಂದರು. ನಿಂತುಕೊಂಡೇ ಹೇಳಿದರು, ಕೊಟ್ಟಿಗೆಯಲ್ಲಿ ಹೇಳಿದ್ದನ್ನೇ, ಅದಕ್ಕಿಂತ ಕಡಿಮೆ ಮಾತಿನಲ್ಲಿ.

ಅತ್ತೆ ಗಂಜಿಯ ಚಮಚ ದೂಡಿದರು. ಅವರು ಅಳಲಿಲ್ಲ. ಗೋಡೆಗೆ ತೂಗುಹಾಕಿದ್ದ ಕಂಬಳಿಯ ಹೂಗಳನ್ನು ನೋಡುತ್ತ ಬಹಳ ಹೊತ್ತು ಇದ್ದರು. ಬೀದಿಯಲ್ಲಿ ಯಾರೋ ಕುರಿ ಹೊಡೆದುಕೊಂಡು ಹೋದ ಸದ್ದು ಬಂದು, ದೂರವಾಗಿ, ಹೋಯಿತು.

“ಐದು ಗಂಟೆ ಹೊತ್ತು” ಎಂದರು.

“ಹೌದು ಅತ್ತಿಗೆ.”

“ನಾನಿಲ್ಲಿ ಕಿಟಕಿ ಹತ್ರ ನಿಂತಿದ್ದೆ. ಕಾರು ಬಂತಾ, ಕಾರು ಬಂತಾ ಅಂತ ಅವನು ಕೇಳ್ತಿದ್ದ. ಮಾತಾಡಕ್ಕೆ ಆಗೋವರೆಗೂ ಕೇಳ್ದ.”

ಚಿಕ್ಕಮಾವ ಗೋಡೆ ಹಿಡಿದುಕೊಂಡರು.

“ಕೂತ್ಕೋಬೇಡ” ಎಂದರು ಅತ್ತೆ. “ನನ್ನೆದುರು ಕೂತ್ಕೋಬೇಡ. ನಾಳೆ ಹೋಗಿ ಏನು ಹೇಳ್ತೀಯ?”

“ನೀವು ಹೇಳಿ.”

“ನಾನ್ಯಾಕೆ ಹೇಳಲಿ? ಐದು ಗಂಟೆ ಕೇಳ್ದೋನು ನೀನು. ಇಷ್ಟು ದಿನ ಚೆನ್ನಾಗಿಲ್ಲ ಅಂದೆ, ತಂತಿ ಇಳಿದಿದೆ ಅಂದೆ. ಇಳಿದ ತಂತಿಗೋಸ್ಕರ ನನ್ನ ಮಗನ್ನ ಬಿಟ್ಟು ಕೂತಿದ್ಯಾ? ನೆಪ ಬೇಡ ಅಂತೀಯ. ನಿನಗೆ ಬೇಡ. ನನಗೆ ಬೇಡ್ವಾ?”

ಮಾರನೆಯ ದಿನ ಬೆಳಿಗ್ಗೆ ತಿಲೆಕ್ ಮಾತಿಲ್ಲದೆ ಚಿಕ್ಕಮಾವನನ್ನು ವ್ಯಾನಿನಲ್ಲಿ ಕರೆದುಕೊಂಡು ನರಿನ್‌ಗೆ ಹೋದ. ಅವನಿಗೆ ಏನೂ ಗೊತ್ತಿರಲಿಲ್ಲ, ಚಿಕ್ಕತ್ತೆಗೂ. ಮಧ್ಯಾಹ್ನ ಅತ್ತೆಯ ಹಾಸಿಗೆಯ ಪಕ್ಕ ರೇಡಿಯೋ ಇಟ್ಟು ನಾವು ಮೂವರು ಹೆಂಗಸರು ಕೂತೆವು. ನಾಲ್ವರು ಹಿರಿಯರು ಮಾತಾಡಿದರು. ಇಬ್ಬರು ನೀಲಿ ಎಂದರು, ಇಬ್ಬರು ಹಳಬರೊಬ್ಬರ ರೆಕಾರ್ಡು ಎಂದರು. ಆಮೇಲೆ ನಿರೂಪಕಿ ಚಿಕ್ಕಮಾವನ ಹೆಸರು ಹೇಳಿದಳು.

“ನೀಲಿ” ಎಂದರು ಅವರು.

“ಸ್ವಂತ ತಮ್ಮ, ಅದಕ್ಕೇ ಹೇಳಿದ್ರು ಅಂತ ಜನ ಅನ್ನಬಹುದಲ್ವಾ?” ಆಕೆ ನಗುತ್ತ ಕೇಳಿದಳು.

“ಅನ್ನಲಿ. ಅದರಲ್ಲಿ ತಪ್ಪುಗಳಿವೆ. ನಾಲ್ಕನೇದರಲ್ಲಿ, ಏಳನೇದರಲ್ಲಿ. ಆದ್ರೂ ಅದೇ ಎಲ್ಲಕ್ಕಿಂತ ದೊಡ್ಡದು. ಅದನ್ನ ನುಡಿಸ್ತಿದ್ದಾಗ ನಾನು ಬಾಗಿಲ ಹೊರಗೆ ಕೂತಿದ್ದೆ. ಅವನ ಮಗು ಸಾಯ್ತಾ ಇದೆ ಅಂತ ಹೇಳಕ್ಕೆ ಹೋಗಿದ್ದೆ. ಮಧ್ಯಾಹ್ನದಿಂದ ಸಂಜೆವರೆಗೂ ಹೇಳ್ಲಿಲ್ಲ. ಕೇಳ್ತಾ ಕೂತ್ಬಿಟ್ಟೆ. ದೊಡ್ಡದು ಅನ್ನೋಕೆ ನನ್ನತ್ರ ಇದಕ್ಕಿಂತ ಬೇರೆ ಸಾಕ್ಷಿ ಇಲ್ಲ. ಅದು ದೊಡ್ಡದು ಅಂತ ನಾನು ಮಾಡಿದ್ದು ಸಣ್ಣದಾಗಲ್ಲ.”

ಯಾರೋ ಅವಸರದಲ್ಲಿ ಮರಿಕುದುರೆ ಹಾಕಿದರು. ಚಿಕ್ಕತ್ತೆ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದರು. ಅವರು ರೇಡಿಯೋ ಆರಿಸಲು ಕೈ ಚಾಚಿದಾಗ ಅತ್ತೆ, “ಇರಲಿ” ಎಂದರು. ನುಡಿಕೆ ಹೊಳೆಗಿಳಿಯಿತು, ಒದ್ದಾಡಿತು, ನಿಂತಿತು.

“ಈಗ ಬಾಗಿಲು ತೆಗೆದ” ಎಂದರು ಅತ್ತೆ.

ನೀಲಿ ಗೆದ್ದಿತು. ಆದರೆ ಅಭಿನಂದನೆ ಹೇಳಲು ಬಂದವರು ಮೂರೋ ನಾಲ್ಕೋ ಜನ. ಬಂದವರೂ ಚಿಕ್ಕಮಾವನ ಕೈ ಕುಲುಕದೆ ತಿಲೆಕ್‌ನ ಕೈ ಕುಲುಕಿ ಹೋದರು. ಮಸೀದಿಯಲ್ಲಿ ಅವರ ಎರಡೂ ಪಕ್ಕ ಜಾಗ ಖಾಲಿ ಉಳಿಯತೊಡಗಿತು. ಅವರು ಹೋಗುವುದನ್ನೇ ಬಿಟ್ಟರು. ತಿಲೆಕ್ ಮೂರು ದಿನ ವ್ಯಾನು ತೆಗೆಯಲಿಲ್ಲ. “ಹಾಗಾದ್ರೆ ನನ್ನನ್ನ ಕೊಟ್ಟಿದ್ದು ಅದಕ್ಕಾ? ಸಾಲ ತೀರ್ಸಕ್ಕಾ?” ಎಂದು ಒಮ್ಮೆ ನನ್ನ ಹತ್ತಿರ ಕೇಳಿದ. ಚಿಕ್ಕತ್ತೆ ಮಾತ್ರ ಮತ್ತೆ ಗಂಡನ ತಟ್ಟೆಗೆ ತಾವೇ ಬಡಿಸತೊಡಗಿದರು. ಯಾಕೆ ಎಂದು ನಾನು ಕೇಳಲಿಲ್ಲ.

ಅತ್ತೆ ಊಟ ಶುರುಮಾಡಿದರು, ಆದರೆ ತಡವಾಗಿತ್ತು. ಕಾಲು ಊದಿಕೊಂಡವು. ಜನವರಿಯಲ್ಲಿ ಒಂದು ಮಧ್ಯಾಹ್ನ, “ಅವನನ್ನ ಕರಿ” ಎಂದರು. ಚಿಕ್ಕಮಾವ ಬಂದು ಹೊಸ್ತಿಲಲ್ಲೇ ನಿಂತರು.

“ಕೂತ್ಕೋ ಹುಡುಗಾ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಹೋಗೋದೂ ಇಲ್ಲ, ಅದು ನನ್ನ ಜೊತೇಲೇ ಬರುತ್ತೆ. ಆದ್ರೆ ಎಸೆನ್‌ನ ನೋಡ್ದೋರು ಅಂತ ಇನ್ನು ನಾವಿಬ್ರೇ ಇರೋದು. ಅವತ್ತು ಹೊರಡೋವಾಗ ನೀನು ಅವನ ಹಾಸಿಗೆ ಹತ್ರ ಹೋಗಿದ್ದೆ. ನಾನು ನಿನಗೆ ರೊಟ್ಟಿ ಕಟ್ತಿದ್ದೆ. ಏನಂದ ಅವನು?”

ಚಿಕ್ಕಮಾವ ನೆಲದ ಮೇಲೆ ಕೂತರು. “ಲಾರೀಗೆ ಹಾರನ್ ಇದೆಯಾ ಅಂತ ಕೇಳ್ದ.”

“ಆಮೇಲೆ?”

“ಇದೆ ಅಂದೆ. ಜೋರಾಗಿರುತ್ತಾ ಅಂದ. ಕೇಳಿಸ್ತೀನಿ ಇರು ಅಂತ ಹೋಗಿ ಡ್ರೈವರ್‌ಗೆ ಹೇಳ್ದೆ. ಎರಡು ಸಲ ಹೊಡೆದ. ಕಿಟಕೀಲಿ ನೋಡ್ದೆ, ನಗ್ತಾ ಇದ್ದ. ಕೈ ಹೀಗೆ ಎತ್ತಿದ್ದ.”

ಅತ್ತೆ ಕಣ್ಣು ಮುಚ್ಚಿದರು. “ಆ ಹಾರನ್ ನನಗೂ ಕೇಳಿಸ್ತು. ಮಗೂಗೆ ಹುಷಾರಿಲ್ಲ, ಈ ಅಯೋಗ್ಯನಿಗೆ ಅವಸರ ಅಂತ ಆ ಡ್ರೈವರನ್ನ ಎಷ್ಟು ಬೈದೆ. ಇಲ್ಲೀವರೆಗೂ ನೆನೆಸ್ಕೊಂಡಾಗೆಲ್ಲ ಬೈದಿದ್ದೀನಿ.”

ಚಿಕ್ಕಮಾವನ ಭುಜ ಅಲುಗುತ್ತಿತ್ತು.

“ಅಳಬೇಡ” ಎಂದರು ಅತ್ತೆ. “ಯಾವ ಕೈ ಎತ್ತಿದ್ದ? ಸರಿಯಾಗಿ ಹೇಳು. ಬಲಗೈಯೋ ಎಡಗೈಯೋ?”